ಕಾಡುಮೊಲದ ಬಯಕೆ

ಬಸುರಿಗೆ ಬಯಕೆ ಹುಟ್ಟಿದರೆ ನಮ್ಮ ಬೆಟ್ಟದಲ್ಲಿ ಯಾರೂ ನಗುವುದಿಲ್ಲ. ಒಬ್ಬಳು ಹಸಿ ಮಣ್ಣು ಕೇಳುತ್ತಾಳೆ, ಇನ್ನೊಬ್ಬಳು ಚಳಿಗಾಲದಲ್ಲಿ ತಾಜಾ ಅಂಜೂರ ಕೇಳುತ್ತಾಳೆ, ಗಂಡನಾದವನು ಗೊಣಗಿಕೊಂಡೇ ಊರೂರು ಅಲೆದು ತರುತ್ತಾನೆ. ಅಲ್ಲಾಲನ ಹೆಂಡತಿ ಯಾಮ್ನಾ ಕೇಳಿದ್ದು ಕಾಡುಮೊಲದ ಮಾಂಸ. ಸಂತೆಯಲ್ಲಿ ಕಿವಿ ಹಿಡಿದು ಎತ್ತಿ ತೋರಿಸುತ್ತಾರಲ್ಲ, ಆ ಸಾಕಿದ ಬಿಳಿ ಮೊಲ ಆಗುವುದಿಲ್ಲವಂತೆ. ಬೆಟ್ಟದ ಬಿಲದಲ್ಲಿ ಹುಟ್ಟಿ ಬೆಟ್ಟದ ಹುಲ್ಲು ತಿಂದು ಬೆಳೆದದ್ದೇ ಆಗಬೇಕು. ಇದ್ದ ಮೊಲಗಳನ್ನೆಲ್ಲ ಪೇಟೆಯಿಂದ ಬಂದ ಬಂದೂಕಿನವರು ಎಂದೋ ಮುಗಿಸಿಬಿಟ್ಟಿದ್ದರು. ಈಗ ಅಲ್ಲೊಂದು ಇಲ್ಲೊಂದು ಹಿಕ್ಕೆ ಕಂಡರೆ ಕಂಡಿತು.

ಬೇರೆ ಯಾರಾದರೂ ಕೇಳಿದ್ದರೆ ಅಲ್ಲಾಲನ ತಾಯಿ ಮಮ್ಮತ್ ಬಾಯಿ ಮುಚ್ಚಿಸುತ್ತಿದ್ದಳು. ಯಾಮ್ನಾಳ ವಿಷಯದಲ್ಲಿ ಅವಳಿಗೂ ಧೈರ್ಯವಿರಲಿಲ್ಲ. ಮೂರು ಬಸಿರು ನಿಲ್ಲದೆ ಹೋಗಿದ್ದವು, ಮೂರೂ ಐದನೇ ತಿಂಗಳಲ್ಲಿ. ಮೂರೂ ಸಲ ಅಲ್ಲಾಲ್ ದಕ್ಷಿಣದ ಸಮುದ್ರದಲ್ಲಿ ಬೂತಾಯಿ ಮೀನು ಹಿಡಿಯುವ ದೋಣಿಯಲ್ಲಿದ್ದ. ಸುದ್ದಿ ಫೋನಿನಲ್ಲಿ ಬರುತ್ತಿತ್ತು, ಗಾಳಿಯ ಸದ್ದಿನ ನಡುವೆ ಅರ್ಧ ಕೇಳಿ ಅರ್ಧ ಕೇಳದೆ. ಈಗ ನಾಲ್ಕನೆಯದು, ಮತ್ತೆ ಐದನೇ ತಿಂಗಳು. ಹಾಸಿಗೆ ಬಿಟ್ಟು ಏಳಕೂಡದು, ಮೆಟ್ಟಿಲು ಹತ್ತಕೂಡದು ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದಳು.

ದೋಣಿ ನಡೆಸುವ ತಾಂಡೇಲ ಬೂಜಮಾ ಆಗಲೇ ಫೋನ್ ಮಾಡಿದ್ದ. ದೋಣಿ ಇನ್ನು ಮೂರು ವಾರಕ್ಕೆ, ಶುಕ್ರವಾರದ ನಮಾಜು ಮುಗಿದ ಮೇಲೆ ಹೊರಡುವುದಿತ್ತು, ಹೊರಟರೆ ತಿಂಗಳುಗಟ್ಟಲೆ.

"ಬಯಕೆ ತೀರಿಸಿ ಬಾ ಮಾರಾಯ," ಎಂದಿದ್ದ. "ಬಯಕೆ ತೀರದ ಹೆಂಗಸಿನ ಗಂಡನ್ನ ಹತ್ತಿಸ್ಕೊಂಡ್ರೆ ನನ್ನ ಬಲೆಗೆ ಬರೀ ಪಾಚಿ ಬೀಳತ್ತೆ. ನಿನ್ನ ಜಾಗ ಆ ಶುಕ್ರವಾರದ ತನಕ ಇಟ್ಟಿರ್ತೀನಿ, ಆಮೇಲೆ ಕೇಳ್ಬೇಡ."

ಮಮ್ಮತ್‌ಗೆ ಬೇರೆಯದೇ ಭಯ. "ಬಯಕೆ ತೀರದೆ ಹುಟ್ಟೋ ಕೂಸಿಗೆ ಮೊಲದ ಹಾಗೆ ಸೀಳು ತುಟಿ ಬಂದ್ರೆ ನಾನು ಯಾರನ್ನ ಕೇಳ್ಲಿ? ಹೋಗು, ಎಲ್ಲಿಂದಾದ್ರೂ ತಾ."

ಹಾಗಾಗಿ ಅಲ್ಲಾಲ್ ಗುಡ್ಡದಾಚೆಯ ಶುಐಬ್ ಅಜ್ಜನ ಮನೆಗೆ ಹೋದ. ಅಜ್ಜ ಬಂದೂಕು ಮುಟ್ಟದೆ ಬೇಟೆಯಾಡಿದವನು, ಅವನ ಹಿತ್ತಲಲ್ಲಿ ಫೆರೆಟ್‌ಗಳಿದ್ದವು. ಮುಂಗುಸಿಯ ಹಾಗೆ ಉದ್ದ ಮೈ, ಮೋಟು ಕಾಲು. ಬಿಲಕ್ಕೆ ಬಿಟ್ಟರೆ ಒಳಗೆ ನುಗ್ಗಿ ಮೊಲವನ್ನು ಹೊರಗಟ್ಟುತ್ತದೆ, ಹೊರಗೆ ಬಲೆ ಹಾಕಿ ಕೂತವನಿಗೆ ಮೊಲ ಜೀವಂತ ಸಿಗುತ್ತದೆ. ಅಜ್ಜ ಒಂದು ಎಳೆಯ ಹೆಣ್ಣು ಫೆರೆಟ್ಟನ್ನು ಅಲ್ಲಾಲನ ನಿಲುವಂಗಿಯ ಬೆನ್ನಿಗೆ ಜೋತ ತಲೆಗವಸಿನೊಳಗೆ ಇಳಿಬಿಟ್ಟ.

"ಬಾಯಿ ಕಟ್ಟದೆ ಬಿಲಕ್ಕೆ ಬಿಡ್ಬೇಡ," ಎಂದ. "ಒಳಗೇ ಕೊಂದು ತಿಂದು ಅಲ್ಲೇ ನಿದ್ದೆ ಹೊಡೆಯತ್ತೆ. ಅದು ಕೊಂದಿದ್ದು ನಿನ್ನ ಹೆಂಡ್ತಿಗೆ ಹರಾಮು. ಆದ್ರೆ ಉಣ್ಣೆ ನೂಲಲ್ಲಿ ಕಟ್ಟು, ಸಡಿಲವಾಗಿ. ಒಳಗೆ ಸಿಕ್ಕಾಕ್ಕೊಂಡ್ರೆ ಅದೇ ಉಗುರಲ್ಲಿ ಕಿತ್ಕೋಬೇಕು. ಕೇಳಿಸ್ತಾ?"

"ಕೇಳಿಸ್ತು ಅಜ್ಜ," ಎಂದ ಅಲ್ಲಾಲ್. ಕೇಳಿಸುವುದೇ ಬೇರೆ, ಕಿವಿಗೆ ಹಾಕಿಕೊಳ್ಳುವುದೇ ಬೇರೆ.

ಮನೆಗೆ ಬಂದ ಹೊಸ ಪ್ರಾಣಿಯನ್ನು ಮೊದಲ ದಿನವೇ ಕೊಲ್ಲಲು ಹೊರಟವಳು ಮಮ್ಮತ್, ಅದೂ ಉಪಚಾರ ಮಾಡಿ. ಬಾರ್ಲಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಬಟ್ಟಲು ತುಂಬ ಇಟ್ಟಳು. ಅದು ಚಪ್ಪರಿಸಿಕೊಂಡು ತಿಂದಿತು, ರಾತ್ರಿಯಿಡೀ ಹಸಿರು ಹಸಿರಾಗಿ ಕಕ್ಕಸು ಮಾಡಿತು, ಬೆಳಿಗ್ಗೆ ಹಿಡಿದೆತ್ತಿದರೆ ಕಾಲು ಜೋತುಬಿತ್ತು. ಅಲ್ಲಾಲ್ ಅದನ್ನು ಎತ್ತಿಕೊಂಡು ಮತ್ತೆ ಗುಡ್ಡ ಹತ್ತಿದ. ಅಜ್ಜ ಪ್ರಾಣಿಯನ್ನು ನೋಡುವ ಮೊದಲು ಅವನನ್ನು ತರಾಟೆಗೆ ತೆಗೆದುಕೊಂಡ.

"ಇದೇನು ಬೆಕ್ಕಾ? ಇದರ ಕರುಳು ಮೊಳದುದ್ದಾನೂ ಇಲ್ಲ. ತಿಂದಿದ್ದು ನಮಾಜು ಮುಗಿಯೋದ್ರೊಳಗೆ ಆ ಕಡೆಯಿಂದ ಬಂತು. ರೊಟ್ಟಿ ಹಾಕಿದ್ರೆ ಹೊಟ್ಟೆ ತುಂಬಿಸ್ಕೊಂಡೇ ಸಾಯತ್ತೆ. ಮಾಂಸ ಹಾಕು. ಕೋಳಿ ಕತ್ತು, ಕೋಳಿ ತಲೆ, ಕೋಳಿ ಈಲಿ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ. ಒಂದು ದಿನ ಹಸಿವಲ್ಲಿಟ್ರೆ ಇದು ತಡ್ಕೊಳ್ಳಲ್ಲ, ಎರಡು ದಿನ ಆದ್ರೆ ಮಣ್ಣು ಮಾಡು."

ದಿನಕ್ಕೆ ನಾಲ್ಕೈದು ಸಲ ತಿನ್ನಿಸುತ್ತ ಕೂರಲು ಮನೆಯಲ್ಲಿ ಪುರುಸೊತ್ತಿದ್ದವಳು ಯಾಮ್ನಾ ಒಬ್ಬಳೇ. ಮೀನಿನ ಪೆಟ್ಟಿಗೆಯೊಂದನ್ನು ಅವಳ ಹಾಸಿಗೆಯ ಪಕ್ಕಕ್ಕೆ ತಂದಿಟ್ಟರು. ಅವಳು ತನ್ನ ಹಳೇ ಉಣ್ಣೆ ಅಂಗಿ ಬಿಚ್ಚಿ ಅದರಲ್ಲಿ ಹಾಸಿದಳು. ಬಾದಾಮಿ ಸಿಪ್ಪೆಯ ಬಣ್ಣವಿದೆಯೆಂದು ಬಾದಾಮಿಯ ಹೆಸರನ್ನೇ ಇಟ್ಟಳು, ಲೂಜಾ ಎಂದು. ಮೊದಲ ವಾರ ಲೂಜಾ ಅವಳ ಬೆರಳುಗಳನ್ನು ಜರಡಿ ಮಾಡಿತು. ಕಚ್ಚಿದಾಗೆಲ್ಲ ಕುತ್ತಿಗೆಯ ಚರ್ಮ ಹಿಡಿದೆತ್ತಿ, ಮುಖಕ್ಕೆ ಮುಖ ಕೊಟ್ಟು, ಅತ್ತೆ ತನಗೆ ಬೈಯುವ ಧಾಟಿಯಲ್ಲೇ ಬೈಯುತ್ತಿದ್ದಳು. ನೀರಿನ ಬಟ್ಟಲನ್ನು ಉರುಳಿಸುತ್ತದೆಂದು ಒರಳುಕಲ್ಲಿನಂಥ ಭಾರದ ಬಟ್ಟಲು ತರಿಸಿದಳು. ಸೆಕೆ ಹೆಚ್ಚಾದರೆ ಒದ್ದೆ ಬಟ್ಟೆ ಹಾಸುತ್ತಿದ್ದಳು. ತಿಂದುಳಿದ ಈಲಿಯನ್ನು ಅದು ಬಚ್ಚಿಡುತ್ತಿತ್ತು. ಒಂದು ದಿನ ಮಮ್ಮತ್ ನಮಾಜಿನ ಚಾಪೆ ಬಿಡಿಸಿದರೆ ಒಳಗೆ ಕೋಳಿತಲೆಯೊಂದು ಕಣ್ಣು ಬಿಟ್ಟುಕೊಂಡಿತ್ತು. ಆ ದಿನ ಯಾಮ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು ಎಂದು ಅಲ್ಲಾಲನಿಗೆ ನೆನಪಾಗಲಿಲ್ಲ.

"ನನ್ನ ಕೈಯಲ್ಲಿ ಏನೂ ಉಳಿಯಲ್ಲ ಅಂತ ನಿಮ್ಮಮ್ಮ ಪಕ್ಕದ ಮನೆಯವಳ ಹತ್ರ ಅಂದಿದ್ರು," ಎಂದಳು ಒಂದು ಮಧ್ಯಾಹ್ನ, ಲೂಜಾಳ ಉಗುರು ಕತ್ತರಿಸುತ್ತ. "ಗೋಡೆ ತೆಳು ಇದೆ, ಕೇಳಿಸ್ತು. ಇದು ನನ್ನ ಕೈಯಿಂದ ತಿಂದೇ ಬದುಕ್ತಿದೆ ನೋಡು, ಮಮ್ಮತ್ ಮಗನೇ. ಇದು ಉಳಿದ್ರೆ ಹೊಟ್ಟೇಲಿರೋದೂ ಉಳಿಯತ್ತೆ."

ಗಂಡನನ್ನು ಅವಳು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮಮ್ಮತ್ ಮಗನೇ ಎನ್ನುತ್ತಿದ್ದಳು. ಅಲ್ಲಾಲ್ ಆ ಮಾತಿಗೆ ತಲೆಯಾಡಿಸಿದ. ಒಳಗೊಳಗೆ ಮಾತ್ರ ಹೆದರಿದ, ಯಾಕೆಂದರೆ ಅವಳು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಶುಐಬ್ ಅಜ್ಜನನ್ನು ಕರೆದುಕೊಂಡು ಎರಡು ಸಲ ಬೇಟೆಗೆ ಹೋದದ್ದೂ ದಂಡವಾಯಿತು. ಅಜ್ಜ ಉಣ್ಣೆ ನೂಲಿನಲ್ಲಿ ಬಾಯಿ ಕಟ್ಟಿ, ಕೊರಳಿಗೆ ಗೆಜ್ಜೆ ಹಾಕಿ ಬಿಟ್ಟ. ಲೂಜಾ ಬಿಲದ ಬಾಯಲ್ಲೇ ಆಕಳಿಸಿ, ನೂಲನ್ನು ಕಿತ್ತೆಸೆದು, ಮುದುಡಿಕೊಂಡು ಮಲಗಿತು. ಬೆಳಿಗ್ಗೆ ಏನಾದರೂ ಹಾಕಿದ್ದೀರಾ ಎಂದು ಅಜ್ಜ ಕೇಳಿದ. ಇಲ್ಲ ಎಂದ ಅಲ್ಲಾಲ್, ಅವನಿಗೆ ಗೊತ್ತಿದ್ದ ಮಟ್ಟಿಗೆ.

ದೋಣಿ ಹೊರಡುವ ಶುಕ್ರವಾರ ಹತ್ತಿರ ಬಂತು. ನೂಲೇ ಸರಿಯಿಲ್ಲ ಎಂದು ಅಲ್ಲಾಲ್ ತೀರ್ಮಾನಿಸಿದ. ಬುಧವಾರ ಬೆಳಕು ಹರಿಯುವ ಮುಂಚೆ, ಹೆಂಡತಿ ಇನ್ನೂ ನಿದ್ದೆಯಲ್ಲಿರುವಾಗ, ಪೆಟ್ಟಿಗೆಯಿಂದ ಲೂಜಾಳನ್ನು ಎತ್ತಿಕೊಂಡು ಒಬ್ಬನೇ ಬೆಟ್ಟ ಹತ್ತಿದ. ಹಿಂದಿನ ಸಲ ಹಿಕ್ಕೆ ಕಂಡಿದ್ದ ಬಂಡೆಯ ಬುಡದ ಬಿಲಗಳಿಗೆ ಬಲೆ ಹಾಸಿದ. ಆಮೇಲೆ ಜೇಬಿನಿಂದ ದೋಣಿಯ ಬಲೆ ಹೊಲಿಯುವ ನೈಲಾನ್ ದಾರ ತೆಗೆದ. ಅವನ ಗಂಟೆಂದರೆ ಬಂದರಿನಲ್ಲೆಲ್ಲ ಹೆಸರು, ಎಳೆದಷ್ಟೂ ಬಿಗಿಯಾಗುವ ಗಂಟು, ಉಪ್ಪುನೀರಲ್ಲಿ ಎಷ್ಟು ಕಾಲ ನೆನೆದರೂ ಜಾರದ ಗಂಟು. ಲೂಜಾಳ ಮೂತಿಗೆ ಎರಡು ಸುತ್ತು ಸುತ್ತಿ, ಕಿವಿಯ ಹಿಂದಕ್ಕೆ ಎಳೆದು, ಅದೇ ಗಂಟು ಹಾಕಿದ. ಈಗ ಕೀಳು ನೋಡೋಣ ಎಂದ.

ಅದಕ್ಕೆ ಹಸಿವಾಗಿತ್ತು. ಬಿಲದೊಳಕ್ಕೆ ಸರ್ರನೆ ಹೋಯಿತು. ಗೆಜ್ಜೆಯ ಸದ್ದು ನೆಲದಡಿಯಲ್ಲಿ ಅತ್ತ ಓಡಿತು, ಇತ್ತ ಓಡಿತು. ಒಂದು ಸಲ ದಡಬಡ ಕಾಲಸಪ್ಪಳ ಕೇಳಿ ಅಲ್ಲಾಲ್ ಕತ್ತಿ ಹಿರಿದು ಬಲೆಯ ಮೇಲೆ ಬಗ್ಗಿದ. ಮೊಲ ಬರಲಿಲ್ಲ. ಗೆಜ್ಜೆ ಇನ್ನೂ ಆಳಕ್ಕೆ ಇಳಿಯಿತು, ಒಂದೆರಡು ಸಲ ಅಲುಗಿತು, ನಿಂತಿತು.

ಬಿಸಿಲು ನೆತ್ತಿಗೆ ಬಂದರೂ ಅದು ಮತ್ತೆ ಅಲುಗಲಿಲ್ಲ. ಅಲ್ಲಾಲ್ ಬಿಲಬಿಲಕ್ಕೂ ಕಿವಿ ಹಚ್ಚಿದ, ಹೆಸರು ಹಿಡಿದು ಕರೆದ, ನಾಲಿಗೆಯಲ್ಲಿ ಚಪ್ಪರಿಸಿದ. ಅವನ ದನಿಗೆ ಅದು ಹಿಂದೆಂದೂ ಬಂದದ್ದಿಲ್ಲ ಎನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ಗಂಟು. ಮೂತಿ ಬಿಗಿದುಕೊಂಡು ಅದು ಒಳಗಿದೆ, ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಕೀಳುವಂತಿಲ್ಲ.

ಮನೆಗೆ ಬಂದು ಸುಳ್ಳು ಹೇಳಿದ. "ಅಜ್ಜನ ಹತ್ರ ಬಿಟ್ಟು ಬಂದೆ. ಒಂದೆರಡು ದಿನ ಪಳಗಿಸ್ತಾರಂತೆ."

ಯಾಮ್ನಾ ಖಾಲಿ ಪೆಟ್ಟಿಗೆಯಿಂದ ಉಣ್ಣೆ ಅಂಗಿ ತೆಗೆದು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. "ಇದನ್ನ ತಗೊಂಡು ಹೋಗ್ಬಾರ್ದಿತ್ತಾ? ಇದಿಲ್ದೆ ಅವಳು ಮಲಗಲ್ಲ." ಇಷ್ಟೇ ಹೇಳಿದಳು. ಮಮ್ಮತ್ ತಂದಿಟ್ಟ ಬೇಳೆ ಸಾರನ್ನು ಪಕ್ಕಕ್ಕೆ ಸರಿಸಿದಳು. ರಾತ್ರಿಯ ಊಟವನ್ನೂ ಸರಿಸಿದಳು.

ಗುರುವಾರ ಅಲ್ಲಾಲ್ ಗುದ್ದಲಿ ಹೊತ್ತು ಹೋದ. ಅಗೆದ, ಕಲ್ಲು ಸಿಕ್ಕಿತು. ಪಕ್ಕದಲ್ಲಿ ಅಗೆದ, ಅಲ್ಲೂ ಕಲ್ಲು. ಮಣ್ಣು ಕುಸಿದು ಒಂದು ಬಿಲ ಮುಚ್ಚಿಕೊಂಡಿತು, ಅದನ್ನು ಬೆರಳಲ್ಲಿ ಕೆದರಿ ಬಿಡಿಸಲು ಹೋದರೆ ಇನ್ನಷ್ಟು ಕುಸಿಯಿತು. ಉಗುರು ಕಿತ್ತು ರಕ್ತ ಬಂತು. ಉಳಿಯದೆ ಹೋದ ಆ ಮೂರು ಮಕ್ಕಳ ಹೆಸರು ಅವನಿಗೆ ಗೊತ್ತಿರಲಿಲ್ಲ, ಅವಕ್ಕೆ ಹೆಸರೇ ಇಟ್ಟಿರಲಿಲ್ಲ. ಆದರೂ ಆ ಮಧ್ಯಾಹ್ನ ಬಿಲದ ಮುಂದೆ ಮಂಡಿಯೂರಿ ಅವನು ಅವುಗಳಿಗಾಗಿ ಅತ್ತ. ಅವು ಹೋದಾಗ ದೋಣಿಯಲ್ಲಿ ಎಲ್ಲರ ಎದುರು ಅಳುವುದಕ್ಕಾಗಿರಲಿಲ್ಲ.

ಶುಐಬ್ ಅಜ್ಜ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಯಾರೋ ಕುರಿ ಕಾಯುವವರು ಸುದ್ದಿ ಮುಟ್ಟಿಸಿದ್ದರು.

"ಗುದ್ದಲಿ ಕೆಳಗಿಡು," ಎಂದ ಅಜ್ಜ. "ಅಗೆದೂ ಅಗೆದೂ ಅವಳು ಬರೋ ದಾರಿ ನೀನೇ ಮುಚ್ತಿದೀಯ. ಬಾಯಿ ಕಟ್ಟಿದ್ಯಾ?"

"ಕಟ್ಟಿದೀನಿ."

"ಯಾವ ನೂಲು?"

ಅಲ್ಲಾಲ್ ಜೇಬಿನಲ್ಲಿ ಉಳಿದಿದ್ದ ದಾರ ತೆಗೆದುಕೊಟ್ಟ. ಅಜ್ಜ ಅದನ್ನು ಕೈಯಲ್ಲಿ ಎಳೆದು ನೋಡಿದ, ಇದ್ದ ನಾಲ್ಕು ಹಲ್ಲಲ್ಲಿ ಕಚ್ಚಿಯೂ ನೋಡಿದ. ಬೈಯಲಿಲ್ಲ. ಬೈದಿದ್ದರೆ ಅಲ್ಲಾಲನಿಗೆ ಒಳ್ಳೆಯದಿತ್ತು.

"ಇವತ್ತು ಸಂಜೆಯೊಳಗೆ ಬಂದ್ರೆ ಬಂತು," ಎಂದ ಅಜ್ಜ. "ತಿನ್ನಿಸ್ತಿದ್ದೋರು ಯಾರು?"

"ನನ್ನ ಹೆಂಡ್ತಿ."

"ಹಾಗಿದ್ರೆ ಅದು ಮಲಗ್ತಿದ್ದ ಬಟ್ಟೆ ತಾ, ಬಿಲದ ಬಾಯಲ್ಲಿ ಹಾಸೋಣ. ಹೆಂಡ್ತಿ ವಾಸನೆಗೆ ಬರ್ಬೇಕಷ್ಟೆ. ನೀನು ಯಾರು ಅಂತ ಅದಕ್ಕೇನು ಗೊತ್ತು?"

ಬೆಟ್ಟ ಇಳಿಯುತ್ತ ಅಲ್ಲಾಲ್ ಹೊಸ ಸುಳ್ಳೊಂದನ್ನು ಹುಡುಕಿದ. ಬಟ್ಟೆ ಒಗೆಯಬೇಕು ಎನ್ನಲೇ, ಅಜ್ಜ ಕೇಳಿದ ಎನ್ನಲೇ? ಬಾಗಿಲಲ್ಲಿ ಮಮ್ಮತ್ ಕಾದು ನಿಂತಿದ್ದಳು.

"ಬೆಳಿಗ್ಗೆಯಿಂದ ಸೊಂಟ ನೋವು ಅಂತಿದಾಳೆ," ಎಂದಳು ಪಿಸುದನಿಯಲ್ಲಿ. "ಒಂದು ತುತ್ತೂ ಒಳಗೆ ಹೋಗಿಲ್ಲ. ಆವಾಗ್ಲೂ ಹಿಂಗೇ ಶುರುವಾಗಿತ್ತು, ನೀನಿರ್ಲಿಲ್ಲ, ನಿಂಗೊತ್ತಿಲ್ಲ."

ಯಾಮ್ನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಣ್ಣೆ ಅಂಗಿ ಅವಳ ಕೆನ್ನೆಯ ಕೆಳಗಿತ್ತು. ಅದನ್ನು ಅವಳಿಗೆ ಗೊತ್ತಾಗದ ಹಾಗೆ ಎಳೆಯುವಂತಿರಲಿಲ್ಲ. ಅಲ್ಲಾಲ್ ನೆಲದ ಮೇಲೆ ಕೂತ. ಮಣ್ಣು ಮೆತ್ತಿದ, ರಕ್ತ ಒಣಗಿದ ಕೈಗಳನ್ನು ಅವಳು ನೋಡಲಿ ಎಂದೋ ಏನೋ, ಹಾಸಿಗೆಯ ಅಂಚಿನ ಮೇಲಿಟ್ಟ.

"ಅಜ್ಜನ ಹತ್ರ ಇಲ್ಲ ಅವಳು," ಎಂದ. "ಬಿಲದಲ್ಲಿದಾಳೆ. ನಿನ್ನೆಯಿಂದ. ಬಾಯಿ ನಾನೇ ಕಟ್ಟಿದ್ದು, ಬಲೆ ದಾರದಲ್ಲಿ. ಬಿಚ್ಕೊಳ್ಳಕ್ಕಾಗಲ್ಲ ಅವಳಿಗೆ."

ಯಾಮ್ನಾ ತಿರುಗಲಿಲ್ಲ. ಗೋಡೆಯ ಕಡೆಗೇ ಕೇಳಿದಳು. "ಹೊಟ್ಟೆಗೆ ಹಾಕದೆ ಕರ್ಕೊಂಡು ಹೋದ್ಯಾ?"

"ಹಸಿದಿದ್ರೆ ತಾನೆ ಕೆಲಸ ಮಾಡೋದು? ಎರಡು ಸಲವೂ ಬಿಲದ ಬಾಯಲ್ಲೇ ಮಲ್ಕೊಂಡ್ಳಲ್ಲ."

"ಮಲ್ಕೊಳ್ದೆ ಏನು ಮಾಡ್ತಾಳೆ? ಎರಡು ಸಲವೂ ನೀನು ಚಪ್ಪಲಿ ಹುಡುಕ್ತಿದ್ದಾಗ ನಾನು ಹೊಟ್ಟೆ ಬಿರಿಯೋ ಹಂಗೆ ತಿನ್ನಿಸಿ ಕಳಿಸಿದ್ದೆ."

ಅಲ್ಲಾಲನಿಗೆ ಅರ್ಥವಾಗಲಿಲ್ಲ. "ಯಾಕೆ? ಮೊಲ ಬೇಕು ಅಂದಿದ್ದು ನೀನು."

ಆಗ ಅವಳು ತಿರುಗಿದಳು. ಅತ್ತು ಅತ್ತು ಮುಖ ಊದಿತ್ತು. "ನಂಗೆ ಮೊಲ ಗಂಟಲಲ್ಲೇ ಇಳಿಯಲ್ಲ. ಚಿಕ್ಕವಳಿದ್ದಾಗಿಂದ್ಲೂ ಅಷ್ಟೇ. ಈ ಬೆಟ್ಟದಲ್ಲಿ ಏನು ಸಿಗಲ್ಲ ಅಂತ ಯೋಚ್ನೆ ಮಾಡಿ ಮಾಡಿ ಅದನ್ನ ಕೇಳ್ದೆ. ಬಯಕೆ ತೀರೋ ತನಕ ಬೂಜಮಾ ನಿನ್ನ ದೋಣಿ ಹತ್ತಿಸ್ಕೊಳ್ಳಲ್ಲ ಅಂತ ಗೊತ್ತಿತ್ತು. ಮೂರು ಸಲ ಒಬ್ಳೇ ನೋವು ತಿಂದಿದೀನಿ ನಾನು. ಹೋಗ್ಬೇಡ ಅಂದಿದ್ರೆ ನೀನು ನಿಲ್ತಿದ್ಯಾ?"

ನಿಲ್ಲುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹೆಂಡತಿ ಅತ್ತಳೆಂದು ಬಂದರಿನಲ್ಲಿ ಯಾವ ಗಂಡಸೂ ಉಳಿದದ್ದಿಲ್ಲ, ಉಳಿದರೆ ಮಂದಿ ಆಡಿಕೊಳ್ಳುತ್ತಾರೆ. ಬಯಕೆ ತೀರಿಲ್ಲವೆಂದು ಉಳಿದರೆ ಅದೇ ಮಂದಿ ಹೌದೌದು ಎಂದು ತಲೆಯಾಡಿಸುತ್ತಾರೆ.

"ನೀನು ಇದನ್ನ ಹಿಡ್ಕೊಂಡು ಬಂದೆ," ಎಂದಳು ಯಾಮ್ನಾ. "ಹಚ್ಕೋಬಾರ್ದು ಅಂದ್ಕೊಂಡೆ. ಆಮೇಲೆ ಇದು ನನ್ನ ತೋಳಲ್ಲಿ ಮಲಗಕ್ಕೆ ಶುರು ಮಾಡ್ತು." ಅಂಗಿಯನ್ನು ಕೆನ್ನೆಯ ಕೆಳಗಿಂದ ಎಳೆದು ಅವನ ಮಡಿಲಿಗೆ ಹಾಕಿದಳು. "ಹೋಗು. ಇದರ ತೋಳೊಳಗೇ ಅವಳು ಮಲಗೋದು. ತೋಳನ್ನ ಬಿಲದ ಕಡೆ ಮಾಡಿ ಹಾಸು. ಕರೀಬೇಡ, ನಿನ್ನ ದನಿಗೆ ಹೆದರ್ತಾಳೆ. ಸುಮ್ನೆ ಕೂತ್ಕೋ. ಅವಳಿಲ್ದೆ ವಾಪಸ್ ಬರ್ಬೇಡ ಅನ್ನಲ್ಲ ನಾನು. ಬಾ. ಏನಾದ್ರೂ ಆಗ್ಲಿ, ನೀನು ಬಾ."

ಅಲ್ಲಾಲ್ ಬೆಟ್ಟವನ್ನು ಓಡುತ್ತ ಹತ್ತಿದ. ಅಂಗಿಯಲ್ಲಿ ಯಾಮ್ನಾಳ ಬೆವರಿನ ವಾಸನೆಯಿತ್ತು, ಕೋಳಿಯ ವಾಸನೆಯಿತ್ತು, ಲೂಜಾಳ ನಾತವಿತ್ತು. ಅಜ್ಜ ಬಿಲದ ಬಾಯಿಯ ಮಣ್ಣು ಸರಿಸಿ ಇಟ್ಟಿದ್ದ. ತೋಳನ್ನು ಒಳಮುಖ ಮಾಡಿ ಹಾಸಿದರು, ಗಾಳಿ ಬೀಸುವ ಬದಿ ಬಿಟ್ಟು ಇನ್ನೊಂದು ಬದಿಯಲ್ಲಿ ಕೂತರು. ಕರೆಯಬೇಡ ಎಂದಿದ್ದಳು, ಅವನು ಕರೆಯಲಿಲ್ಲ. ಬಿಸಿಲು ಇಳಿಯಿತು. ಕೆಳಗೆ ಬಂದರಿನಲ್ಲಿ ದೋಣಿಗಳಿಗೆ ಮಂಜುಗಡ್ಡೆ ತುಂಬುತ್ತಿದ್ದರು, ಅವನ ದೋಣಿಗೂ. ಸಂಜೆಯ ಬಾಂಗ್ ಆಯಿತು. ಅಜ್ಜ ಅಲ್ಲೇ ನಮಾಜು ಮಾಡಿದ. ಅಲ್ಲಾಲನಿಗೆ ಏಳಲು ಮನಸ್ಸಾಗಲಿಲ್ಲ, ಎದ್ದರೆ ಸದ್ದಾದೀತು ಎಂದು ಕೂತಲ್ಲೇ ಬೇಡಿಕೊಂಡ. ಮೊಲ ಬೇಡ, ದೋಣಿ ಬೇಡ, ಇದೊಂದನ್ನು ಕೊಡು ಎಂದ. ಯಾವುದೊಂದು ಎಂದು ಬಿಡಿಸಿ ಹೇಳಲಿಲ್ಲ.

ಅಂಗಿಯ ತೋಳು ಅಲುಗಿತು. ಗಾಳಿ ಎಂದುಕೊಂಡ. ಗೆಜ್ಜೆ ಸದ್ದು ಮಾಡಲಿಲ್ಲ, ಮಣ್ಣು ತುಂಬಿಕೊಂಡಿತ್ತು. ತೋಳು ಇನ್ನೊಮ್ಮೆ ಅಲುಗಿ, ಸ್ವಲ್ಪ ಉಬ್ಬಿತು. ಅಜ್ಜ ಅವನ ಮಂಡಿಯ ಮೇಲೆ ಕೈಯಿಟ್ಟು ಅದುಮಿದ, ಈಗಲೇ ಬೇಡ ಎಂಬಂತೆ. ಉಬ್ಬು ನಿಧಾನವಾಗಿ ತೋಳಿನೊಳಗೆ ಮುಂದೆ ಬಂದು ನಿಂತಿತು.

ಅಲ್ಲಾಲ್ ಎರಡೂ ಕಡೆಯಿಂದ ತೋಳು ಹಿಡಿದು ಎತ್ತಿದ. ಲೂಜಾಳ ಕಣ್ಣಿನ ಮೇಲೆಲ್ಲ ಮಣ್ಣು. ಮೂತಿ ಊದಿ ದಾರ ಚರ್ಮದೊಳಕ್ಕೆ ಇಳಿದಿತ್ತು. ಗಂಟು ಬಿಚ್ಚಲು ಹೋದ. ಅವನದೇ ಗಂಟು, ಬಿಚ್ಚಲಿಲ್ಲ. ಸೊಂಟದಲ್ಲಿ ಮೊಲಕ್ಕೆಂದು ಮಸೆದಿಟ್ಟ ಕತ್ತಿ ಇತ್ತು. ಅದನ್ನು ಹಿರಿದು, ತುದಿಯನ್ನು ದಾರದಡಿಗೆ ತೂರಿಸಿ, ಬಿಸ್ಮಿಲ್ಲಾ ಎಂದು ದಾರ ಕೊಯ್ದ.

ಮನೆಯಲ್ಲಿ ಮಮ್ಮತ್ ಹೇಳಿಸಿಕೊಳ್ಳದೆಯೇ ಮೊಟ್ಟೆ ಒಡೆದು, ಹಳದಿಯನ್ನು ಬೆಚ್ಚಗಿನ ನೀರಲ್ಲಿ ಕದಡಿ ತಂದಳು. ಗಾಯಕ್ಕೆ ಆಲಿವ್ ಎಣ್ಣೆ ಬಿಸಿ ಮಾಡಿದಳು. ಯಾಮ್ನಾ ಕಿರುಬೆರಳನ್ನು ಅದ್ದಿ ಲೂಜಾಳ ತುಟಿಗೆ ಸವರಿದಳು. ನಾಲಿಗೆ ಹೊರಗೆ ಬರಲಿಲ್ಲ. ಮತ್ತೆ ಸವರಿದಳು. ಹಳದಿ ಗದ್ದಕ್ಕೆ ಇಳಿದುಹೋಯಿತು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ನಾಲಿಗೆಯ ತುದಿ ಕಂಡಿತು, ಬೆರಳನ್ನು ನೆಕ್ಕಿತು, ಗಂಟಲು ಒಮ್ಮೆ ಅಲುಗಿತು.

"ಇನ್ನೊಂದು ಬಟ್ಟಲು ತಾ ಯಮ್ಮಾ," ಎಂದ ಅಲ್ಲಾಲ್. "ಇವಳಿಗೂ. ಇವಳೂ ನಿನ್ನೆಯಿಂದ ತಿಂದಿಲ್ಲ."

ಯಾಮ್ನಾ ಬೇಳೆ ಸಾರಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟುಕೊಂಡಳು. ಅಗಿಯುತ್ತಲೇ ಮತ್ತೆ ಬೆರಳು ಅದ್ದಿದಳು. ಸೊಂಟ ಹೇಗಿದೆ ಎಂದು ಕೇಳಲು ಅಲ್ಲಾಲನಿಗೆ ಧೈರ್ಯ ಬರಲಿಲ್ಲ. ಅವಳ ಬೆನ್ನ ಹಿಂದೆ ದಿಂಬು ಸರಿಯಾಗಿ ಇಟ್ಟು ಅಲ್ಲೇ ಕೂತ.

ಫೋನ್ ಬಡಿದುಕೊಂಡಿತು. ಬೂಜಮಾ. ಹಿಂದೆ ಬಂದರಿನ ಗದ್ದಲ.

"ನಾಳೆ ಹೊರಡ್ತೀವಪ್ಪ. ಏನಾಯ್ತು, ನಿನ್ನ ಹೆಂಡ್ತಿ ಬಯಕೆ ತೀರ್ತಾ?"

ಯಾಮ್ನಾಳ ಬೆರಳು ಬಟ್ಟಲಿನಲ್ಲೇ ನಿಂತಿತು. ಅವಳು ತಲೆಯೆತ್ತಲಿಲ್ಲ.

"ಎಲ್ಲಿ ತೀರತ್ತೆ ತಾಂಡೇಲರೇ," ಎಂದ ಅಲ್ಲಾಲ್. "ಈ ಬೆಟ್ಟದಲ್ಲಿ ಮೊಲಾನೇ ಇಲ್ಲ. ಹೆರಿಗೆ ಆಗೋ ತನಕ ಹುಡುಕ್ತಾನೇ ಇರ್ಬೇಕು."